ಒಂದು ನಂದು, ಒಂದು ನಿಂದು

ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಡಬ್ಬಿ ಮಿಸ್ಸು ಉಗ್ರಾಣಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಉಗ್ರಾಣ ಅಂದದ್ದು ದೊಡ್ಡ ಮಾತಾಯಿತು. ಅಡುಗೆಮನೆಗೂ ಅತ್ತೆಯ ಕೋಣೆಗೂ ನಡುವೆ, ಮನೆ ಕಟ್ಟಿದವನು ಅಳತೆ ತಪ್ಪಿ ಉಳಿಸಿಬಿಟ್ಟ ಸಂದಿ ಅದು. ಕಿಟಕಿ ಇಲ್ಲ. ಒಂದು ಕಡೆ ಹಳೇ ಹಾಸಿಗೆಯ ಸುರುಳಿ, ಇನ್ನೊಂದು ಕಡೆ ಅಕ್ಕಿ ಡಬ್ಬ, ಅದರ ಮೇಲೆ ಮೂರು ದಪ್ಪ ಪುಸ್ತಕ, ಪುಸ್ತಕಕ್ಕೆ ಒರಗಿಸಿದ ಫೋನು. ಗೋಡೆಗೆ ಸಿಕ್ಕಿಸಿದ್ದ ಸಣ್ಣ ಫ್ಯಾನನ್ನು ತಾನೇ ಆರಿಸುತ್ತಿದ್ದಳು, ಅದರ ಗರಗರ ಮಕ್ಕಳಿಗೆ ಕೇಳಿಸೀತು ಎಂದು. ಐದು ನಿಮಿಷದಲ್ಲಿ ಬೆನ್ನೆಲ್ಲ ಒದ್ದೆ. ಆಮೇಲೆ ಪರದೆಯ ಮೇಲೆ ಹದಿನಾಲ್ಕು ಚೌಕ ಮೂಡುತ್ತಿದ್ದವು. ಒಂದರಲ್ಲಿ ಅರ್ಧ ಮುಖ, ಒಂದರಲ್ಲಿ ಬರೀ ಮೂಗಿನ ಹೊಳ್ಳೆ, ಇನ್ನೊಂದರಲ್ಲಿ ಯಾರದೋ ತಾಯಿಯ ಮೊಣಕೈ. ಇವಳು ಬೆವರು ಒರೆಸಿಕೊಂಡು, ಮುಖದ ತುಂಬ ನಗು ತಂದುಕೊಂಡು, "ಬಂದ್ರಾ ನನ್ನ ಮರಿಗಳಾ?" ಎನ್ನುತ್ತಿದ್ದಳು.

ಊರಿಗೆಲ್ಲ ರೋಗ ಹಬ್ಬಿ, ಶಾಲೆಗೆ ಬೀಗ ಬಿದ್ದು, ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿ ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಅವಳು ಒಂದೇ ಶಿಶುವಿಹಾರದಲ್ಲಿ ಸಂಗೀತ ಹೇಳಿಕೊಟ್ಟವಳು. ಸಂಗೀತ ಎಂದಕೂಡಲೇ ನೀವು ವೇದಿಕೆ, ಹಾರ, ಚಪ್ಪಾಳೆ ಅಂದುಕೊಳ್ಳಬೇಡಿ. ಅವಳ ವಾದ್ಯವೆಲ್ಲ ಖಾಲಿ ಡಬ್ಬಿ. ಬಿಸ್ಕತ್ತಿನದು, ಹಾಲಿನ ಪುಡಿಯದು, ಬಣ್ಣದ್ದು. ಗುಜರಿಯವನು ಸಹ ಬೇಡ ಎಂದದ್ದನ್ನು ತಂದು, ಅಂಚು ಬಡಿದು, ಬಟ್ಟೆಪಟ್ಟಿ ಸುತ್ತಿ, ನಾಲ್ಕು ವರ್ಷದ ಕೈಗಳಿಗೆ ಕೊಡುತ್ತಿದ್ದಳು. ಹೆಸರು ಅದರಿಂದಲೇ ಬಂತು. ಸಂಬಳದ ಚೀಟಿಯ ಮೇಲೆ ಬೇರೆ ಹೆಸರಿತ್ತು, ಅದು ಆಫೀಸಿನವರಿಗೆ ಬಿಟ್ಟು ಇನ್ಯಾರಿಗೂ ನೆನಪಿರಲಿಲ್ಲ.

ಅವಳ ಪಾಠವೆಲ್ಲ ಒಂದೇ ಆಟ. ಅವಳು ಡಬ್ಬಿಯ ಮೇಲೆ ಎರಡು ಬಾರಿಸಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆ ಮಗುವಿನ ಪಾಲು. ಮಗು ತನ್ನ ಡಬ್ಬಿಯ ಮೇಲೆ ಎರಡು ಬಾರಿಸಬೇಕು. "ಒಂದು ನಂದು, ಒಂದು ನಿಂದು" ಎಂದು ಆಟದ ಹೆಸರು. ಯಾವ ಮಗು ಎಷ್ಟು ತಡಮಾಡಿದರೂ ಅವಳು ನಡುವೆ ಬಾಯಿ ಹಾಕುತ್ತಿರಲಿಲ್ಲ, ಬೇರೆಯವರಿಗೂ ಹಾಕಗೊಡುತ್ತಿರಲಿಲ್ಲ. ಹೊಸದಾಗಿ ಬಂದ ಶಿಕ್ಷಕಿಯರಿಗೆ ಅವಳು ಹೇಳುತ್ತಿದ್ದುದು ಇಷ್ಟೇ: "ಸರದಿ ಬಂದವರಿಗೆ ಜಾಗ ಬಿಡಬೇಕು. ಬಾರಿಸಿದವರಿಗೆ ಉತ್ತರ ಕೊಡಬೇಕು. ಇವೆರಡು ಕಲಿತ ಮಗುವಿಗೆ ರಾಗ ಯಾರು ಬೇಕಾದ್ರೂ ಕಲಿಸಬಹುದು."

ಆ ವರ್ಷ ತರಗತಿಗೆ ಬಂದವಳು ಮೆಣಸಿನಕಾಳು. ಸಣ್ಣಗೆ, ದುಂಡಗೆ, ಗಟ್ಟಿ. ಅವಳ ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರು. "ಮನೇಲಿ ಬಾಯಿಬಡುಕಿ ಮಿಸ್, ನಾವು ನಿದ್ದೆ ಮಾಡಿದ್ರೂ ಬಿಡಲ್ಲ" ಎಂದು ತಾಯಿ ಹೇಳುತ್ತಿದ್ದಳು. ಶಾಲೆಯ ಗೇಟು ದಾಟಿದರೆ ಆ ಬಾಯಿಗೆ ಬೀಗ. ಎಂಟು ತಿಂಗಳು ಒಂದು ಅಕ್ಷರ ಆಡಲಿಲ್ಲ. ನೀರು ಬೇಕಾದರೆ ಬಾಟಲಿ ತೋರಿಸುತ್ತಿದ್ದಳು, ಬಿದ್ದು ಮಂಡಿ ತರಚಿದರೆ ಮಂಡಿ ತೋರಿಸುತ್ತಿದ್ದಳು. ಉಳಿದ ಶಿಕ್ಷಕಿಯರು ಮುದ್ದು ಮಾಡಿ ನೋಡಿದರು, ಗದರಿ ನೋಡಿದರು, ಚಾಕೊಲೇಟಿನ ಆಸೆ ತೋರಿಸಿದರು. ಡಬ್ಬಿ ಮಿಸ್ಸು ಮಾತ್ರ ದಿನಾ ಅವಳೆದುರು ಕೂತು ಎರಡು ಬಾರಿಸುವುದು, ಕಾಯುವುದು. ಶಾಲೆ ಮುಚ್ಚುವ ಹಿಂದಿನ ವಾರ ಒಂದು ದಿನ, ಕಾದು ಕಾದು ಕಾಲು ಜೋಮು ಹಿಡಿಯುವ ಹೊತ್ತಿಗೆ, ನೀಲಿ ಡಬ್ಬಿಯ ಮೇಲೆ ಎರಡು ಪೆಟ್ಟು ಬಿತ್ತು. ಟಣ್, ಟಣ್. ಹುಡುಗಿ ತಲೆ ಎತ್ತಲಿಲ್ಲ. ಮಿಸ್ಸು ಏನೂ ಆಗದವಳ ಹಾಗೆ ಮೂರು ಬಾರಿಸಿದಳು. ಮೂರು ವಾಪಸು ಬಂತು.

ನಾಲ್ಕು ದಿನ ಆ ಆಟ ನಡೆಯಿತು. ಐದನೆಯ ದಿನ ಮಧ್ಯಾಹ್ನ ಹೆಡ್ ಮಿಸ್ಸು ಬಂದು, "ನಾಳೆಯಿಂದ ಯಾರೂ ಬರೋ ಹಾಗಿಲ್ಲ" ಎಂದರು. ಡಬ್ಬಿ ಮಿಸ್ಸು ಎಲ್ಲ ಮಕ್ಕಳ ಚೀಲಕ್ಕೂ ಅವರವರ ಡಬ್ಬಿ ತುರುಕಿದಳು. ನೀಲಿ ಡಬ್ಬಿ ಇಡುವಾಗ, ಈಗಷ್ಟೇ ಸಿಕ್ಕಿದ ದಾರದ ಎಳೆ ಕಡಿಯದಿದ್ದರೆ ಸಾಕಪ್ಪ ಅಂದುಕೊಂಡಳು.

ಆದರೆ ಕಡಿಯಿತು. ಹಾಗೆಂದು ಅವಳು ನಂಬಿದಳು.

ಫೋನಿನ ಪಾಠ ಎಂದರೆ ಎಲ್ಲರೂ ಒಟ್ಟಿಗೆ ಹಾಡುವ ಮಾತೇ ಇಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತದೆ; ಹದಿನಾಲ್ಕು ಜನ ಹದಿನಾಲ್ಕು ಕಡೆ ಎಳೆದರೆ ಅದು ಹಾಡಲ್ಲ, ಸಂತೆ. ಅದಕ್ಕೇ ಎಲ್ಲರ ಮೈಕು ಮುಚ್ಚಿಟ್ಟು ಒಬ್ಬೊಬ್ಬರದೇ ತೆರೆಯಬೇಕೆಂದು ಆಫೀಸಿನ ಅಪ್ಪಣೆ. ಅವಳು ಡಬ್ಬಿ ಬಾರಿಸುವುದು, ಒಂದು ಮಗುವಿನ ಮೈಕು ತೆರೆಯುವುದು, ಕಾಯುವುದು. ಮಕ್ಕಳ ಡಬ್ಬಿಯ ಸದ್ದು ಅರ್ಧ ಬರುತ್ತಿತ್ತು, ಅರ್ಧ ನೀರಲ್ಲಿ ಮುಳುಗುತ್ತಿತ್ತು, ಹೆಚ್ಚಿನ ಸಲ ಬರುತ್ತಲೇ ಇರಲಿಲ್ಲ. ನೆಟ್‌ವರ್ಕಿನ ಹಣೆಬರಹ ಅಂದುಕೊಂಡಳು. ಪರವಾಗಿಲ್ಲ, ಬಾಯಿ ಇದ್ದ ಮಕ್ಕಳು "ಮಿಸ್, ನಾನು ಬಾರಿಸ್ದೆ! ಮೂರು ಬಾರಿಸ್ದೆ!" ಎಂದು ಕೂಗುತ್ತಿದ್ದರು, ಇವಳು ಶಭಾಷ್ ಅನ್ನುತ್ತಿದ್ದಳು. ಮೆಣಸಿನಕಾಳಿನ ಚೌಕದಲ್ಲಿ ಮಾತ್ರ ಒಂದು ಹಣೆ, ಅದರ ಮೇಲೆ ಮನೆಯ ಸೂರು. ಕೈ ಕಾಣದು, ಸದ್ದಿಲ್ಲ. ಇವಳು ಎರಡು ಬಾರಿಸಿ ಕಾಯುವಳು. ಆ ಹಣೆ ಅಲ್ಲಾಡದು. ಇನ್ನೂ ಕಾಯುವಳು. ಅಷ್ಟರಲ್ಲಿ ಗೋಡೆಯ ಆ ಕಡೆಯಿಂದ ಟಕ್, ಟಕ್.

ಅದು ಅತ್ತೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಕೂಗಿ ಕರೆಯುವುದು ತಮ್ಮ ಮರ್ಯಾದೆಗೆ ಕಮ್ಮಿ ಎಂದು ಊರುಗೋಲಿನಿಂದ ಗೋಡೆ ಬಡಿಯುತ್ತಿದ್ದರು. ದಿನವಿಡೀ ಬಡಿಯಲಿ, ಬೇಡ ಅಂದವರಾರು? ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಬಿಡಿ ಎಂದು ಸೊಸೆ ಬೇಡಿಕೊಂಡಿದ್ದಳು. ಅತ್ತೆ ತಪ್ಪದೆ ಆ ಹೊತ್ತಿಗೇ ಬಡಿಯುತ್ತಿದ್ದರು. ಓಡಿಹೋಗಿ ನೋಡಿದರೆ ನೀರು ಬೇಡ, ಬಚ್ಚಲು ಬೇಡ. "ಏನಿಲ್ಲ, ಹೋಗು" ಅನ್ನುತ್ತಿದ್ದರು. ಹದಿನಾಲ್ಕು ಮನೆಯ ತಂದೆತಾಯಿಗೆ ಈ ಟಕಟಕ ಕೇಳಿಸುತ್ತಿದೆಯಲ್ಲ ಎಂದು ಇವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಗಂಡನಿಗೆ ಹೇಳೋಣವೆಂದರೆ ಆತ ಶಾಲೆಯ ವ್ಯಾನು ಓಡಿಸುವವನು. ಓಡಿಸಲು ಮಕ್ಕಳಿಲ್ಲದ ವ್ಯಾನು ಬಾಗಿಲ ಮುಂದೆಯೇ ನಿಂತಿತ್ತು. ಬ್ಯಾಟರಿ ಸತ್ತುಹೋಗುತ್ತದೆ ಎಂದು ದಿನಾ ಹನ್ನೊಂದಕ್ಕೆ ಹೋಗಿ ಎಂಜಿನ್ ಚಾಲೂ ಮಾಡಿ, ಗಾಜು ಏರಿಸಿ, ಸ್ಟೀರಿಂಗ್ ಹಿಡಿದು ಕೂರುತ್ತಿದ್ದ. ಬ್ಯಾಟರಿಗೆ ಹತ್ತು ನಿಮಿಷ ಸಾಕು. ಅವನು ಒಂದು ಗಂಟೆ ಕೂರುತ್ತಿದ್ದ. ಅವನ ಉಗ್ರಾಣ ಅದು, ಏನು ಮಾಡುವುದು. ಮೂರು ಜನ ಮೂರು ಡಬ್ಬಿಯಲ್ಲಿ ಮುಚ್ಚಳ ಹಾಕಿಕೊಂಡು ಕೂತಿದ್ದರು ಅಂದರೆ ತಪ್ಪಿಲ್ಲ.

ತಿಂಗಳ ಕೊನೆಗೆ ಹೆಡ್ ಮಿಸ್ಸು ವರದಿ ಕೇಳಿದರು. ಪ್ರತಿ ಮಗುವಿನ ಹೆಸರಿನ ಮುಂದೆ "ಪ್ರತಿಕ್ರಿಯೆ ಇದೆ" ಅಥವಾ "ಪ್ರತಿಕ್ರಿಯೆ ಇಲ್ಲ". ಎಲ್ಲ ಶಿಕ್ಷಕಿಯರೂ ಇಲ್ಲ ಎಂದ ಮಕ್ಕಳನ್ನು ಸದ್ಯಕ್ಕೆ ತರಗತಿಯಿಂದ ಕೈಬಿಡುವುದು, ಶಾಲೆ ತೆರೆದ ಮೇಲೆ ಮತ್ತೆ ಮೊದಲ ವರ್ಷಕ್ಕೆ ಕೂರಿಸುವುದು. ಮೆಣಸಿನಕಾಳಿಗೆ ಉಳಿದವರೆಲ್ಲ ಇಲ್ಲ ಎಂದು ಬರೆದಾಗಿತ್ತು. ಡಬ್ಬಿ ಮಿಸ್ಸಿನ ಒಂದು ಸಾಲು ಬಾಕಿ.

ಎರಡು ದಿನ ಮುಂದೂಡಿದಳು. ಇದೆ ಎಂದು ಬರೆದರೆ ಸುಳ್ಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವಿನ ಬಗ್ಗೆಯೂ ಸುಳ್ಳು ಬರೆದವಳಲ್ಲ. ಇಲ್ಲ ಎಂದು ಬರೆದರೆ ಆ ನಾಲ್ಕು ದಿನಕ್ಕೆ ಮಣ್ಣು ಹಾಕಿದ ಹಾಗೆ. ಅಡಕತ್ತರಿಗೆ ಸಿಕ್ಕ ಅಡಕೆಯಾದಳು. ಮೂರನೆಯ ದಿನ ಪಾಠ ಮುಗಿಸಿ, ಬೆವರಲ್ಲಿ ತೊಯ್ದು ಕೂತಿದ್ದಾಗ ಗೋಡೆ ಟಕ್ ಟಕ್ ಟಕ್ ಎಂದಿತು, ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂತು, ಹೆಡ್ ಮಿಸ್ಸಿನ ಮೂರನೆಯ ನೆನಪೋಲೆ ಬಂತು. "ಇಲ್ಲ" ಎಂದು ಒತ್ತಿ ಕಳಿಸಿಯೇಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹಾಲಿನ ಪಾತ್ರೆ ಉಜ್ಜುತ್ತ ಅವಳು ಅತ್ತಳು.

ಮೂರು ದಿನ ಮೆಣಸಿನಕಾಳಿನ ಚೌಕ ಪರದೆಯ ಮೇಲೆ ಕಾಣಲಿಲ್ಲ. ನಾಲ್ಕನೆಯ ದಿನ ಧೈರ್ಯ ಮಾಡಿ ಟೈಲರಿಗೆ ಫೋನು ಮಾಡಿದಳು.

"ಏನು ಹೇಳ್ಬೇಕೂಂತ ಗೊತ್ತಾಗ್ತಿಲ್ಲಮ್ಮ, ನಂಗೂ ಬೇಜಾರಾಗಿದೆ" ಎಂದು ಶುರು ಮಾಡುತ್ತಿರುವಾಗಲೇ ಗೋಡೆ ಬಡಿಯತೊಡಗಿತು.

"ಅದೇನು ಸದ್ದು?" ಎಂದಳು ಟೈಲರು, ಗಂಟು ಮೋರೆ ದನಿಯಲ್ಲೇ ಕಾಣುತ್ತಿತ್ತು.

"ನಮ್ಮತ್ತೆ. ಕ್ಲಾಸಲ್ಲೂ ದಿನಾ ಇದೇ ರಗಳೆ. ನಿಮಗೆಲ್ಲ ಎಷ್ಟು ಕಿರಿಕಿರಿ ಆಗಿದೆಯೋ, ಕ್ಷಮಿಸಿ."

"ಕ್ಲಾಸಲ್ಲಾ? ಒಂದಿನಾನೂ ಕೇಳಿಲ್ವಲ್ಲ. ನಿಮ್ಮ ಡಬ್ಬೀನೇ ಕೇಳಲ್ಲ, ಇನ್ನು ನಿಮ್ಮತ್ತೆ ಎಲ್ಲಿ ಕೇಳ್ಬೇಕು?"

"ನನ್ನ ಡಬ್ಬಿ ಕೇಳಲ್ವಾ?"

"ಮಾತು ಕೇಳುತ್ತೆ. ಹಾಡು ಕೇಳುತ್ತೆ. ಡಬ್ಬಿ ಬಾರಿಸೋದು ಬರೀ ಕಾಣುತ್ತೆ. ಏನೋ ಸುಮ್ನೆ ಅಭಿನಯ ಮಾಡಿಸ್ತಾರೆ ಅಂದ್ಕೊಂಡಿದ್ದೆ."

ಡಬ್ಬಿ ಮಿಸ್ಸು ಹಾಸಿಗೆ ಸುರುಳಿಯ ಮೇಲೆ ಕೂತುಬಿಟ್ಟಳು. "ಹಂಗಾದ್ರೆ ಮಗು ಏನು ಮಾಡ್ತಿದ್ಲು?"

"ಏನು ಮಾಡ್ತಿದ್ಲಾ!" ಟೈಲರಿನ ದನಿ ಏರಿತು. "ನಿಮ್ಮ ಕೈ ನೋಡಿ ನೋಡಿ ಎಣಿಸ್ಕೊಂಡು ಬಡೀತಿದ್ಲು. ದಿನಾ ಹನ್ನೊಂದಕ್ಕೆ ಟಣಟಣ ಅಂತ ನನ್ನ ತಲೆ ತಿಂದಿದ್ದಾಳೆ. ಹೊಲಿಗೆ ಮಧ್ಯೆ ಸಹಿಸ್ಕೊಂಡೆ, ಮಿಸ್ ಕೇಳಿಸ್ಕೊಳ್ತಿದ್ದಾರಲ್ಲ ಅಂತ. ಕೊನೆಗೆ ನೋಡಿದ್ರೆ ಪ್ರತಿಕ್ರಿಯೆ ಇಲ್ಲ ಅಂತ ಬರೆದ್ರಿ. ಸಿಟ್ಟು ಬಂತು. ಡಬ್ಬಿ ತೆಗೆದು ಗುಜರಿಗೆ ಹಾಕ್ದೆ. ತಪ್ಪಾ?"

ತಪ್ಪು ಯಾರದೆಂದು ಡಬ್ಬಿ ಮಿಸ್ಸಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನು ಮಾಡಿ ಕೇಳಿದಾಗ ಆತ ನಕ್ಕ. "ಅದಾ ಮಿಸ್? ಗದ್ದಲ ಕಳೆಯೋ ಸೌಕರ್ಯ ಅದು. ಮನುಷ್ಯರ ಮಾತು ಉಳಿಸ್ಕೊಂಡು, ಬಾಕಿ ಟಕಟಕ ಗರಗರ ಎಲ್ಲಾನೂ ಕಸ ಅಂತ ಗುಡಿಸಿಹಾಕುತ್ತೆ. ಆಫೀಸ್ ಮೀಟಿಂಗಿಗೆ ಮಾಡಿರೋದಲ್ವಾ. ನಿಮ್ಮ ಫೋನಲ್ಲೂ ತೆಗೀಬೇಕು, ಅವರ ಫೋನಲ್ಲೂ ತೆಗೀಬೇಕು. ಒಂದು ಗುಂಡಿ ಅಷ್ಟೇ."

ಒಂದು ಗುಂಡಿ. ಆ ಗುಂಡಿ ಗೊತ್ತಿಲ್ಲದೆ ಮೂರು ತಿಂಗಳು ಫ್ಯಾನು ಆರಿಸಿ ಬೆಂದಿದ್ದಳು, ಅತ್ತೆಯ ಮೇಲೆ ರೇಗಿದ್ದಳು, ಹದಿನಾಲ್ಕು ಮಕ್ಕಳ ಎದುರು ಮೂಕ ಡಬ್ಬಿ ಬಾರಿಸಿದ್ದಳು. ಅದೆಲ್ಲ ಹಾಳಾಗಿ ಹೋಗಲಿ. ಸದ್ದೇ ಇಲ್ಲದ ಕೈಯನ್ನು ನೋಡಿ ನೋಡಿ ಎಣಿಸಿ ಒಂದು ಮಗು ದಿನಾ ಉತ್ತರ ಕೊಟ್ಟಿತ್ತು. ಬಾಯಿ ತೆರೆಯದ ಮಗುವಿಗೆ ಇದ್ದುದು ಅದೊಂದೇ ಮಾತು. ಅದನ್ನೇ ಕಸವೆಂದು ಗುಡಿಸಲಾಗಿತ್ತು, ಅದರ ಕೆಳಗೆ ಇವಳು ರುಜು ಹಾಕಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆದ ಕೈ ತನ್ನದು ಎಂದು ನೆನೆದು ಅವಳಿಗೆ ಊಟ ಸೇರಲಿಲ್ಲ.

ಹೆಡ್ ಮಿಸ್ಸು ಎಲ್ಲ ಕೇಳಿ, "ವರದಿ ಮೇಲಕ್ಕೆ ಹೋಗಿಯಾಯ್ತಲ್ಲ. ಸುಮ್ನೆ ತಿದ್ದಿದ್ರೆ ನನ್ನನ್ನ ಕೇಳ್ತಾರೆ. ನಾಳೆ ನಾನೂ ಕ್ಲಾಸಿಗೆ ಬರ್ತೀನಿ. ಆ ಮಗು ಬಾರಿಸ್ಲಿ, ನನ್ನ ಕಿವಿಗೆ ಕೇಳ್ಲಿ, ತಿದ್ದೋಣ" ಎಂದರು. ನ್ಯಾಯದ ಮಾತೇ. ಟೈಲರಿಗೆ ಮತ್ತೆ ಫೋನು ಮಾಡಿ, ಬೈಸಿಕೊಂಡು, ಗುಂಡಿ ಎಲ್ಲಿದೆ ಎಂದು ಹೇಳಿಕೊಟ್ಟಳು. "ಬಾರಿಸೋಕೆ ಏನಾದ್ರೂ ಕೊಡ್ತೀನಿ ಬಿಡಿ" ಎಂದಳು ಟೈಲರು. ಅವಳ ಮನೆ ಮೂರೇ ಬೀದಿ ಆಚೆ. ತನ್ನದೇ ಒಂದು ಡಬ್ಬಿ ಕೈಗೆ ಕೊಟ್ಟು ಬರೋಣವೆಂದರೆ ನಡುವೆ ಹಗ್ಗ, ಹಗ್ಗದ ಪಕ್ಕ ಕಾವಲು.

ಮಾರನೆಯ ದಿನ ಹತ್ತೂವರೆಗೇ ಅತ್ತೆಯ ಕೋಣೆಗೆ ಹೋಗಿ ನೀರಿಟ್ಟು, ದಿಂಬು ಸರಿಮಾಡಿ, "ಇವತ್ತೊಂದಿನ ಬಡೀಬೇಡಿ ಅತ್ತೆ. ಇವತ್ತು ನಿಜವಾಗ್ಲೂ ಕೇಳಿಸುತ್ತೆ. ಒಂದು ಮಗೂದು ಪ್ರಶ್ನೆ. ಕೈ ಮುಗೀತೀನಿ" ಎಂದಳು. ಅತ್ತೆ ಗೋಡೆಯ ಕಡೆ ತಿರುಗಿದರು.

ಹನ್ನೊಂದಕ್ಕೆ ಹದಿನೈದು ಚೌಕ ಮೂಡಿದವು. ಹದಿನೈದನೆಯದು ಹೆಡ್ ಮಿಸ್ಸಿನದು, ಕಪ್ಪಗೆ. ಮೆಣಸಿನಕಾಳು ಮೊದಲ ಬಾರಿಗೆ ಇಡಿಯಾಗಿ ಕಂಡಳು. ತಾಯಿ ಫೋನನ್ನು ಎತ್ತರಕ್ಕೆ ಇಟ್ಟಿದ್ದಳು. ಕೂದಲು ಬಾಚಿ ಕಟ್ಟಿದ್ದರು. ಹೊಲಿಗೆ ಯಂತ್ರದ ಹಲಗೆಯ ಮೇಲೆ, ಅವಳ ಎದುರಿಗೆ, ಒಂದು ತಟ್ಟೆ ಬೋರಲು ಹಾಕಿತ್ತು.

ಡಬ್ಬಿ ಮಿಸ್ಸು ಅವಳ ಮೈಕು ತೆರೆದಳು. ಆ ಮನೆಯ ಸದ್ದೆಲ್ಲ ಒಮ್ಮೆಗೇ ಉಗ್ರಾಣಕ್ಕೆ ನುಗ್ಗಿತು: ಕುಕ್ಕರಿನ ಸೀಟಿ, ಕತ್ತರಿ ಕೆಳಗಿಟ್ಟದ್ದು, ಎಲ್ಲಿಯೋ ತೊಟ್ಟಿಕ್ಕುವ ನಲ್ಲಿ. ಇವಳು ಎರಡು ಬಾರಿಸಿದಳು. ಟಣ್, ಟಣ್. ಸುಮ್ಮನಾದಳು.

ಹುಡುಗಿ ಬೆಚ್ಚಿ ಕಣ್ಣರಳಿಸಿದಳು. ಈ ಸದ್ದು ಕೇಳಿ ಅವಳಿಗೂ ಮೂರು ತಿಂಗಳಾಗಿತ್ತು. ತಟ್ಟೆಯ ಕಡೆ ನೋಡಿದಳು. ಬೆರಳಿಂದ ಅದನ್ನು ಹಲಗೆಯ ಅಂಚಿನವರೆಗೆ ತಳ್ಳಿದಳು. ಕೈ ಮಡಿಲಲ್ಲಿ ಇಟ್ಟುಕೊಂಡಳು.

"ಬಾರಿಸೇ" ಎಂದು ತಾಯಿ ಪಿಸುಗುಟ್ಟಿದ್ದು ಕೇಳಿತು. ಕಪ್ಪು ಚೌಕ ಕೆಮ್ಮಿತು. "ಮಿಸ್, ಟೈಮ್ ಆಗ್ತಿದೆ. ಮುಂದಿನ ಮಗು?"

"ಅವಳ ಸರದಿ ಇನ್ನೂ ಮುಗಿದಿಲ್ಲ ಮೇಡಂ" ಎಂದಳು ಡಬ್ಬಿ ಮಿಸ್ಸು. ಹೆಡ್ ಮಿಸ್ಸಿಗೆ ಎದುರಾಡಿದ್ದು ಅದೇ ಮೊದಲು. ಕಾದಳು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

ಹುಡುಗಿ ತುಟಿ ಮುಂದೆ ಮಾಡಿ, ಸೀದಾ ಫೋನಿನೊಳಗೆ ನೋಡಿ, ಹೇಳಿದಳು: "ಡಬ್ಬಿ ಇಲ್ಲ."

ಒಂದು ವರ್ಷಕ್ಕೆ ಬಂದ ಮೊದಲ ಮಾತು. ಅದೂ ದೂರು. ಯಾರ ಮೇಲಿನ ದೂರು ಎಂದು ಹೇಳಬೇಕಾಗಿರಲಿಲ್ಲ. ಡಬ್ಬಿ ಮಿಸ್ಸಿಗೆ ಕುಣಿಯಬೇಕು ಅನ್ನಿಸಿತು, ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಾಯಿ ತೆರೆದರೆ ಅಳು ಬರುವುದು ಖಂಡಿತ. ಉತ್ತರ ಕೊಡಬೇಕಾದವಳು ಕಲ್ಲಾಗಿ ಕೂತಳು. ಈಗ ಸರದಿ ಇವಳದು, ಇವಳೇ ತಡಮಾಡುತ್ತಿದ್ದಳು.

ಆಗ ಗೋಡೆ ಬಡಿಯಿತು. ಟಕ್, ಟಕ್.

ಮೆಣಸಿನಕಾಳು ಕಿವಿ ನಿಮಿರಿಸಿ, ಮಡಿಲಿಂದ ಕೈ ತೆಗೆದು, ಗೆಣ್ಣು ಮಡಚಿ ಹಲಗೆಯ ಮೇಲೆ ಕುಟ್ಟಿದಳು. ಟಕ್, ಟಕ್. ಸ್ಪಷ್ಟವಾಗಿ, ಸಮವಾಗಿ, ಒಂದಕ್ಕೊಂದು ಎಷ್ಟು ಬಿಡಬೇಕೋ ಅಷ್ಟೇ ಬಿಟ್ಟು. ಫೋನಿನಿಂದ ಬಂದ ಆ ಸದ್ದು ಗೋಡೆಯ ಆಚೆಗೂ ಹೋಯಿತೇನೋ, ಒಂದು ಗಳಿಗೆ ಊರುಗೋಲು ತಡೆಯಿತು. ಆಮೇಲೆ ಮೂರು. ಹುಡುಗಿ ಮೂರು. ಒಂದು. ಒಂದು. ಆಮೇಲೆ ಅತ್ತೆ ಬೇಕೆಂತಲೇ ಎರಡು ಬಡಿದು, ಕಾಯಿಸಿ, ಇನ್ನೊಂದು ಬಡಿದರು. ಮೆಣಸಿನಕಾಳು ಎರಡು ಕುಟ್ಟಿ, ಅಷ್ಟೇ ಹೊತ್ತು ಕಾಯಿಸಿ, ಇನ್ನೊಂದು ಕುಟ್ಟಿ, ನಕ್ಕಳು.

"ಆ ಕಡೆ ಯಾರ್ರೀ ಬಾರಿಸ್ತಿರೋದು?" ಎಂದರು ಹೆಡ್ ಮಿಸ್ಸು.

"ನಮ್ಮತ್ತೆ ಮೇಡಂ."

"ತಿದ್ದಿ ಕಳಿಸಿ. ಇವತ್ತೇ ಕಳಿಸಿ" ಎಂದು ಹೇಳಿ ಕಪ್ಪು ಚೌಕ ಆರಿಹೋಯಿತು.

ಪಾಠ ಮುಗಿಯಿತು, ಚೌಕಗಳು ಒಂದೊಂದಾಗಿ ಅಳಿಸಿಹೋದವು. ಡಬ್ಬಿ ಮಿಸ್ಸು ವರದಿ ತಿದ್ದಿದಳು. ಚಿಲಕ ತೆಗೆಯಲು ಎದ್ದವಳು ತೆಗೆಯದೆ ನಿಂತಳು. ಹೊರಗೆ ಎಲ್ಲಿಗೂ ಹೋಗದ ವ್ಯಾನಿನ ಎಂಜಿನ್ನು ಇನ್ನೂ ಗುರುಗುಡುತ್ತಿತ್ತು. ಬಾರಿಸಿದವರಿಗೆ ಉತ್ತರ ಕೊಡಬೇಕು ಎಂದು ಹತ್ತೊಂಬತ್ತು ವರ್ಷ ಊರ ಮಕ್ಕಳಿಗೆಲ್ಲ ಕಲಿಸಿದವಳು ತಾನು. ಮೂರು ತಿಂಗಳಿಂದ ಪಾಠದ ಹೊತ್ತಿಗೆ ಈ ಗೋಡೆ ದಿನಾ ಬಡಿದಿತ್ತು, ದಿನಾ ತನ್ನ ಡಬ್ಬಿ ನಿಂತ ಮೇಲೆಯೇ ಬಡಿದಿತ್ತು. ನೀರು ಬೇಕೇ, ಬಚ್ಚಲಿಗೆ ಹೋಗಬೇಕೇ ಎಂದು ಕೇಳಿದ್ದಳು, ರೇಗಿದ್ದಳು, ಕೈ ಮುಗಿದಿದ್ದಳು. ಒಂದು ಸಲವೂ ತಿರುಗಿ ಬಡಿದಿರಲಿಲ್ಲ.

ಗೆಣ್ಣು ಮಡಚಿ ಗೋಡೆಗೆ ಎರಡು ಬಡಿದಳು. ಬಡಿದು ಕಾದಳು. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನೂ ಕಾದಳು.

"ಕೇಳಿಸ್ತು ಬಿಡೇ" ಎಂದರು ಅತ್ತೆ. "ನಾನೇನು ಕಿವುಡೀನಾ?"